ಸೆಲ್ಫ್ ತಿರುಗದಿದ್ದರೆ ಮೊದಲು ಮೀಟರ್, ಆಮೇಲೆ ಪಾನಾ

ಕಲಬುರಗಿಯಲ್ಲಿ ಮಾರ್ಚ್ ದಾಟಿತೆಂದರೆ ಗ್ಯಾರೇಜ್‌ಗಳ ಮುಂದೆ ದಿನಾ ಕೇಳುವ ಮಾತು: “ಗಾಡಿ ಸೆಲ್ಫ್ ತಗೊಳ್ಳವಲ್ದ್ರೀ.” ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತದೆ: “ಸೆಲ್ಫ್ ಹೋಗ್ಯಾದ, ಬಿಚ್ಚಬೇಕಾಗ್ತದ.” ಬಿಚ್ಚುತ್ತಾರೆ, ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ (ಬ್ರಷ್) ಬದಲಿಸುತ್ತಾರೆ. ಬಿಚ್ಚಿ ಹಚ್ಚುವ ನೆಪದಲ್ಲಿ ಕೇಬಲ್ ತುದಿಗಳೂ ಉಜ್ಜಿ ಬಿಗಿಯಾಗುತ್ತವೆ, ಗಾಡಿ ಚಾಲೂ ಆಗುತ್ತದೆ. ಸರಿಹೋದದ್ದು ಕಾರ್ಬನ್‌ನಿಂದಲೋ ಉಜ್ಜಿದ್ದರಿಂದಲೋ ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ ಮಾತ್ರ ಕಾರ್ಬನ್ನಿನದು.

ಸೆಲ್ಫ್ ಮೋಟರ್, ಅಂದರೆ ಇಂಜಿನ್ ತಿರುಗಿಸಿ ಚಾಲೂ ಮಾಡುವ ಮೋಟರ್, ಗಟ್ಟಿ ಸಾಮಾನು. ಅದಕ್ಕೆ ಬೇಕಾದ ವೋಲ್ಟ್ ತಲುಪುತ್ತಿದೆಯೇ ಎಂದು ಅಳೆಯದೆ ಅದರ ಮೇಲೆ ಅನುಮಾನ ಪಡಬಾರದು. ಅಳೆಯಲು ಬೇಕಾದದ್ದು ಐದುನೂರು ರೂಪಾಯಿ ಒಳಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್, ಕೀಲಿ ತಿರುಗಿಸಲು ಇನ್ನೊಬ್ಬರು, ಹತ್ತು ನಿಮಿಷ ಸಮಯ. ಒಂದು ಎಚ್ಚರ ಈಗಲೇ ಹೇಳಿಬಿಡುತ್ತೇನೆ: ಸೆಲ್ಫ್ ಸರ್ಕ್ಯೂಟ್‌ನಲ್ಲಿ ಮೀಟರನ್ನು ವೋಲ್ಟ್‌ನಲ್ಲಿ ಮಾತ್ರ ಇಡಿ. ಆಂಪ್ ತೂತಿಗೆ ವೈರ್ ಹಾಕಿ ಕೀಲಿ ತಿರುಗಿಸಿದರೆ ಮೀಟರಿನ ಫ್ಯೂಸ್ ಹಾರುತ್ತದೆ, ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಆದರೆ ಮೀಟರೇ ಸುಡುತ್ತದೆ.

ಮೊದಲು ಸದ್ದು ಕೇಳಿ

ಇಂಜಿನ್ ಜೋರಾಗಿ ತಿರುಗುತ್ತಿದೆ, ಆದರೆ ಚಾಲೂ ಆಗುತ್ತಿಲ್ಲ ಎಂದರೆ ಅದು ಸೆಲ್ಫ್ ತೊಂದರೆಯೇ ಅಲ್ಲ. ಪೆಟ್ರೋಲ್, ಪ್ಲಗ್, ಸೆನ್ಸರ್, ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಕಡೆ ನೋಡಬೇಕು. ಅದು ಈ ಬರಹದ ಹೊರಗಿನ ವಿಷಯ.

ಕೀಲಿ ತಿರುಗಿಸಿದಾಗ “ಟಕಟಕಟಕ” ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಿದೆ. ಹೀಗೇಕೆ ಬಡಿಯುತ್ತದೆ ಎಂದು ತಿಳಿದರೆ ಮುಂದಿನದೆಲ್ಲ ಸುಲಭ. ಸೆಲ್ಫಿನ ಬೆನ್ನ ಮೇಲಿರುವ ಸೊಲೆನಾಯ್ಡ್‌ನಲ್ಲಿ ಎರಡು ಸುರುಳಿಗಳಿವೆ. ಒಂದು ಪಿಸ್ಟನ್ನಿನಂಥ ಕಬ್ಬಿಣದ ದಿಂಡನ್ನು ಒಳಗೆಳೆಯುತ್ತದೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುತ್ತದೆ. ದಿಂಡು ಒಳಹೋದಾಗ ಎರಡು ಕೆಲಸ ಆಗುತ್ತವೆ: ಸೆಲ್ಫಿನ ಬೆಂಡಿಕ್ಸ್ ಗಿಯರ್ ಮುಂದೆ ಸರಿದು ಇಂಜಿನ್ನಿನ ಫ್ಲೈವೀಲ್ ಚಕ್ರದ ಹಲ್ಲಿಗೆ ಕೂಡುತ್ತದೆ, ಹಿಂಬದಿಯ ತಾಮ್ರದ ಕಾಂಟ್ಯಾಕ್ಟ್ ಕೂಡಿ ಮೋಟರಿಗೆ ಪೂರ್ತಿ ಕರೆಂಟ್ ಹೋಗುತ್ತದೆ. ಬ್ಯಾಟರಿಯಲ್ಲಿ ದಮ್ ಇಲ್ಲದಿದ್ದರೆ ಮೋಟರಿಗೆ ಕರೆಂಟ್ ಹೋದ ತಕ್ಷಣ ವೋಲ್ಟ್ ಕುಸಿಯುತ್ತದೆ, ಹಿಡಿದಿಡುವ ಸುರುಳಿಗೆ ಬಲ ಸಾಲದೆ ದಿಂಡು ಹಿಂದೆ ಬರುತ್ತದೆ. ಭಾರ ಕಳೆದ ಕೂಡಲೇ ವೋಲ್ಟ್ ಮತ್ತೆ ಏರಿ ದಿಂಡು ಮತ್ತೆ ಒಳಹೋಗುತ್ತದೆ. ಬಡಿತ ಕೇಳುತ್ತಿದೆ ಎಂದರೆ ಸೊಲೆನಾಯ್ಡ್ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಒಂದೇ ಸಲ ಗಟ್ಟಿಯಾಗಿ “ಟಕ್” ಎಂದು ಸುಮ್ಮನಾದರೆ ಸೊಲೆನಾಯ್ಡ್ ಎಳೆದುಕೊಂಡಿದೆ, ಮೋಟರ್ ತಿರುಗಿಲ್ಲ. ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಸವೆದಿರಬಹುದು, ಕೇಬಲ್ ಸತ್ತಿರಬಹುದು, ಇಂಜಿನ್ನೇ ಜಾಮ್ ಆಗಿರಬಹುದು. ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಚೆನ್ನಾಗಿದ್ದು ಯಾವ ಸದ್ದೂ ಇಲ್ಲದಿದ್ದರೆ ಸ್ಟಾರ್ಟ್ ಸಿಗ್ನಲ್ ಸೊಲೆನಾಯ್ಡ್‌ಗೆ ಬರುತ್ತಿಲ್ಲ, ಇಲ್ಲವೇ ಸೊಲೆನಾಯ್ಡೇ ಹೋಗಿದೆ. ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ಬ್ಯಾಟರಿ ಟರ್ಮಿನಲ್ ಇಲ್ಲವೇ ಮುಖ್ಯ ಫ್ಯೂಸ್. ಮೋಟರ್ “ಗುಂಯ್” ಎಂದು ಒಂಟಿಯಾಗಿ ತಿರುಗಿ ಇಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್ ಜಾರುತ್ತಿದೆ. ಕಬ್ಬಿಣ ಕಬ್ಬಿಣಕ್ಕೆ ಕೆರೆದ ಸದ್ದು ಬಂದರೆ ಬೆಂಡಿಕ್ಸ್ ಅಥವಾ ಫ್ಲೈವೀಲ್ ರಿಂಗಿನ ಹಲ್ಲು ಮುರಿದಿದೆ. ಆ ಸದ್ದು ಬರುತ್ತಿರುವಾಗ ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ಸೆಲ್ಫ್ ಬದಲಿಸುವುದು ಒಂದು ಗಂಟೆಯ ಕೆಲಸ, ರಿಂಗ್ ಬದಲಿಸಬೇಕಾದರೆ ಗಿಯರ್‌ಬಾಕ್ಸ್ ಇಳಿಸಬೇಕು.

ರಾತ್ರಿಯಾದರೆ ಹೆಡ್‌ಲೈಟ್ ಹಚ್ಚಿ ಗೋಡೆಗೆ ಬೆಳಕು ಬೀಳುವಂತೆ ನಿಲ್ಲಿಸಿ ಕೀಲಿ ತಿರುಗಿಸಿ. ಬೆಳಕು ಪೂರ್ತಿ ಸತ್ತರೆ ಬ್ಯಾಟರಿ ಅಥವಾ ಟರ್ಮಿನಲ್, ಅಪರೂಪಕ್ಕೆ ಒಳಗೆ ಶಾರ್ಟ್ ಆದ ಸೆಲ್ಫ್. ಬೆಳಕು ಒಂಚೂರೂ ಕುಗ್ಗದಿದ್ದರೆ ಮೋಟರಿಗೆ ಕರೆಂಟೇ ಹೋಗುತ್ತಿಲ್ಲ. ಮೀಟರ್ ಇಲ್ಲದವರಿಗೆ ಇದೇ ಮೀಟರ್.

ಬ್ಯಾಟರಿ: ನಿಂತಾಗ ಎಷ್ಟು, ದುಡಿಯುವಾಗ ಎಷ್ಟು

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಗೆ ಬೆಳಿಗ್ಗೆ ಮೀಟರ್ ಹಚ್ಚಿ. 12.6 ಅಥವಾ ಮೇಲಿದ್ದರೆ ಪೂರ್ತಿ ಚಾರ್ಜ್, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು. ಅದಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು. ಈಗಷ್ಟೇ ಓಡಿ ಬಂದ ಗಾಡಿಯಲ್ಲಿ 12.9 ತೋರಿಸಿದರೆ ನಂಬಬೇಡಿ, ಅದು ಮೇಲ್ಪದರದ ಚಾರ್ಜ್. ಎರಡು ನಿಮಿಷ ಹೆಡ್‌ಲೈಟ್ ಹಚ್ಚಿ ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ.

ನಿಂತಾಗಿನ ವೋಲ್ಟ್ ಅರ್ಧ ಸತ್ಯ. 12.6 ತೋರಿಸುವ ಬ್ಯಾಟರಿಯೂ ಭಾರ ಬಿದ್ದಾಗ ಕುಸಿಯಬಹುದು. ಮೀಟರ್ ಮುಳ್ಳುಗಳನ್ನು ಬ್ಯಾಟರಿಯ ಸೀಸದ ಕಂಬಗಳ ಮೇಲೇ ಒತ್ತಿ ಹಿಡಿದು, ಇನ್ನೊಬ್ಬರಿಗೆ ಕೀಲಿ ತಿರುಗಿಸಲು ಹೇಳಿ. ಇಂಜಿನ್ ತಿರುಗುತ್ತಿರುವಾಗ 10 ವೋಲ್ಟಿನ ಮೇಲೆ ನಿಂತರೆ ಬ್ಯಾಟರಿ ಚೆನ್ನಾಗಿದೆ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತಾಗಿದೆ, ಅಥವಾ ಸೆಲ್ಫ್ ಮಿತಿಮೀರಿ ಎಳೆಯುತ್ತಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಒಳ್ಳೆಯ ಬ್ಯಾಟರಿ ತಂದು ಹಚ್ಚಿ ನೋಡುವುದೇ ನೇರ ದಾರಿ. ಹೊಸ ಬ್ಯಾಟರಿಯೂ ಹಾಗೇ ಕುಸಿದರೆ ದೋಷ ಸೆಲ್ಫಿನಲ್ಲಿ ಅಥವಾ ಇಂಜಿನ್ನಿನಲ್ಲಿ. ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಚೆನ್ನ, ಆದರೆ ಅದು ಡಿಸಿ ಆಂಪ್ ಅಳೆಯುವಂಥದ್ದಾಗಿರಬೇಕು. ಮನೆ ವೈರಿಂಗ್ ಮಾಡುವವರ ಬಳಿ ಇರುವುದು ಬಹುಪಾಲು ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್, ಅದರಿಂದ ಇಲ್ಲಿ ಏನೂ ಗೊತ್ತಾಗದು. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಇಂಜಿನ್ ತಿರುಗಿಸುವಾಗ ಸುಮಾರು 100ರಿಂದ 150 ಆಂಪ್, ಡೀಸೆಲ್ ಗಾಡಿಯದು 200ರಿಂದ 400 ಆಂಪ್ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಇದಕ್ಕಿಂತ ಜಾಸ್ತಿ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ. ನಮ್ಮ ಕಡೆ ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟುವುದು ಸಾಮಾನ್ಯ, ಬಾನೆಟ್ ಒಳಗೆ ಅದಕ್ಕಿಂತ ಬಹಳ ಹೆಚ್ಚು. ನೀರು ಬೇಗ ಆರುತ್ತದೆ, ಆರಿದಲ್ಲಿ ಪ್ಲೇಟ್ ಗಟ್ಟಿಯಾಗಿ ಸಾಯುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್ ನೀರು ಬೇಡ, ಫಿಲ್ಟರ್ ನೀರೂ ಬೇಡ, ಆಸಿಡ್ಡಂತೂ ಬೇಡವೇ ಬೇಡ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇರುವ ಅಂಗಡಿಯಲ್ಲಿ ಆರೂ ಸೆಲ್ ನೋಡಲು ಹೇಳಿ: ಯಾವುದೇ ಎರಡು ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬ್ಯಾಟರಿಯ ಆಸೆ ಬಿಡಬಹುದು.

ಬ್ಯಾಟರಿಗೆ ಬೇಸಿಗೆ ಕೊಡುವ ಕಾಟ ಬೇಸಿಗೆಯಲ್ಲೇ ಪೂರ್ತಿ ಕಾಣುವುದಿಲ್ಲ ಎಂಬುದು ಇಲ್ಲಿನ ವಿಚಿತ್ರ. ಬಿಸಿ ಬ್ಯಾಟರಿ ಸವೆಸುತ್ತದೆ, ಆದರೆ ಬಿಸಿಯಲ್ಲಿ ಸವೆದ ಬ್ಯಾಟರಿಯೂ ಹೇಗೋ ದುಡಿಯುತ್ತದೆ, ಇಂಜಿನ್ ಆಯಿಲ್ ಕೂಡ ತೆಳುವಾಗಿರುತ್ತದೆ. ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಆಯಿಲ್ ದಪ್ಪವಾದಾಗ ಅದೇ ಬ್ಯಾಟರಿ ಕೈಕೊಡುತ್ತದೆ. ಚಳಿಗೆ ಹೋಯಿತು ಎನ್ನುತ್ತಾರೆ. ಹೋದದ್ದು ಮೇ ತಿಂಗಳಲ್ಲೇ.

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಇಂಜಿನ್ ಚಾಲೂ ಇಟ್ಟು ಅಳೆಯಿರಿ. 13.8ರಿಂದ 14.5ರ ಒಳಗಿದ್ದರೆ ಆಲ್ಟರ್ನೇಟರ್ ಸರಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಅದು ಬ್ಯಾಟರಿ ನೀರನ್ನು ಕುದಿಸುತ್ತಿದೆ. ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಇಳಿಸಿ ಏರಿಸಿ ಮಾಡುತ್ತದೆ, ಅಲ್ಲಿ 12.8 ಕಂಡರೂ ಗಾಬರಿ ಬೇಡ, ಹೆಡ್‌ಲೈಟ್ ಹಚ್ಚಿ ಮತ್ತೊಮ್ಮೆ ನೋಡಿ. ಸಿಗ್ನಲ್‌ನಲ್ಲಿ ತಾನೇ ನಿಂತು ತಾನೇ ಚಾಲೂ ಆಗುವ ಗಾಡಿಗಳಿಗೆ ಬರುವ ಬ್ಯಾಟರಿಯೇ ಬೇರೆ. ಅದರ ಜಾಗದಲ್ಲಿ ಮಾಮೂಲಿ ಬ್ಯಾಟರಿ ಕೂರಿಸಿದರೆ ಬಹಳ ದಿನ ಬಾಳುವುದಿಲ್ಲ.

ಟರ್ಮಿನಲ್

ಬ್ಯಾಟರಿ ಕಂಬವನ್ನು ಹಿಡಿದಿರುವ ಕೇಬಲ್ ಕ್ಲ್ಯಾಂಪನ್ನು ಕೈಯಿಂದ ತಿರುವಿ ನೋಡಿ. ಅಲ್ಲಾಡಿದರೆ ಅಲ್ಲೇ ತೊಂದರೆ. ಬಹುಪಾಲು ಗಾಡಿಗಳಲ್ಲಿ 10 ನಂಬರ್ ಪಾನಾ ಸಾಕು. ಬಿಚ್ಚುವಾಗ ನೆಗೆಟಿವ್ ಮೊದಲು, ಹಚ್ಚುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರಬಾರದು, ಅದಕ್ಕೇ ಈ ಕ್ರಮ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಿಂದ ತೊಳೆಯಿರಿ, ಆ ನೀರು ಬ್ಯಾಟರಿಯ ಮುಚ್ಚಳದ ತೂತಿಗೆ ಇಳಿಯಬಾರದು. ಆಮೇಲೆ ಕಂಬದ ಹೊರಮೈ, ಕ್ಲ್ಯಾಂಪಿನ ಒಳಮೈ ಎರಡನ್ನೂ ಸೀಸ ಹೊಳೆಯುವವರೆಗೆ ಉಜ್ಜಬೇಕು. ಕಪ್ಪು ಪದರ ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತದೆ, ಆದರೆ ಕರೆಂಟಿಗೆ ಅಡ್ಡ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ.

ಸಡಿಲವಾದ ಕ್ಲ್ಯಾಂಪಿಗೆ ಮೊಳೆ ತುರುಕುವ, ವೈರಿನ ತುಂಡು ಸಿಕ್ಕಿಸುವ ಚಾಳಿ ಎಲ್ಲ ಕಡೆ ಇದೆ. ಮೊಳೆ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ, ತುಕ್ಕು ಹಿಡಿಯುತ್ತದೆ, ಸೀಸದ ಕಂಬವನ್ನು ಕೊರೆಯುತ್ತದೆ. ಹೊಸ ಕ್ಲ್ಯಾಂಪ್ ಹಾಕಿಸಿ. ಪಾಸಿಟಿವ್ ಕಂಬ ನೆಗೆಟಿವ್‌ಗಿಂತ ತುಸು ದಪ್ಪ ಇರುತ್ತದೆ, ಆದ್ದರಿಂದ ಅಂಗಡಿಯಲ್ಲಿ ಯಾವ ಕಡೆಯದು ಎಂದು ಹೇಳಿ ಕೊಳ್ಳಿ.

ವೋಲ್ಟ್ ಎಲ್ಲಿ ಇಂಗುತ್ತಿದೆ

ಈ ಪರೀಕ್ಷೆ ಕಲಿತವರು ಸೆಲ್ಫ್ ತೊಂದರೆಯಲ್ಲಿ ಮೋಸ ಹೋಗುವುದು ಕಡಿಮೆ. ಕೇಬಲ್ ಸರಿ ಇದೆಯೇ ಎಂದು ನೋಡಲು ಓಮ್‌ನಲ್ಲಿ ಮೀಟರ್ ಇಟ್ಟು “ಬೀಪ್” ಬಂತು, ಸರಿ ಇದೆ ಎನ್ನುವವರೇ ಹೆಚ್ಚು. ಕೇಬಲ್‌ನೊಳಗೆ ನೂರು ಎಳೆಗಳಲ್ಲಿ ಒಂದು ಉಳಿದಿದ್ದರೂ ಬೀಪ್ ಬರುತ್ತದೆ. ತೊಂದರೆ ಕೊಡುವ ರೆಸಿಸ್ಟೆನ್ಸ್ ಎಷ್ಟು ಸಣ್ಣದು ನೋಡಿ: ಒಂದು ಜೋಡಣೆಯಲ್ಲಿ ಬರೀ 0.01 ಓಮ್ ಇದ್ದು 150 ಆಂಪ್ ಹರಿದರೆ 1.5 ವೋಲ್ಟ್ ಅಲ್ಲೇ ಕಳೆಯಿತು. ಬ್ಯಾಟರಿ ಕೊಡುವ ಹತ್ತರಲ್ಲಿ ಒಂದೂವರೆ ಹೋದರೆ ಸೆಲ್ಫ್ ಎಳೆದುಕೊಂಡು ಎಳೆದುಕೊಂಡು ತಿರುಗುತ್ತದೆ. ಕಾಲುವೆಗೆ ಬಿಟ್ಟ ನೀರು ಹೊಲ ಮುಟ್ಟುವ ಮೊದಲೇ ಇಂಗಿದ ಹಾಗೆ. 0.01 ಓಮ್ ಅಳೆಯುವ ತಾಕತ್ತು ಸಾಮಾನ್ಯ ಮೀಟರಿಗೆ ಇಲ್ಲ, 1.5 ವೋಲ್ಟನ್ನು ಮಾತ್ರ ಅದು ಸಲೀಸಾಗಿ ತೋರಿಸುತ್ತದೆ. ಅದಕ್ಕೇ ಕರೆಂಟ್ ಹರಿಯುತ್ತಿರುವಾಗ ಅಳೆಯಬೇಕು.

ಮೊದಲು ಇಂಜಿನ್ ಚಾಲೂ ಆಗದಂತೆ ಫ್ಯೂಯೆಲ್ ಪಂಪ್ ಫ್ಯೂಸ್ ಅಥವಾ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ತೆಗೆದಿಡಿ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮೀಟರ್ 20 ವೋಲ್ಟ್ ಡಿಸಿಗೆ ಇರಲಿ. ಒಂದೊಂದು ಅಳತೆಗೂ ಕೀಲಿ ತಿರುಗಿಸಿ ಐದು ಸೆಕೆಂಡಿನೊಳಗೆ ಬಿಡಬೇಕು.

ಕೆಂಪು ಮುಳ್ಳು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಕ್ಲ್ಯಾಂಪಿನ ಮೇಲಲ್ಲ. ಕಪ್ಪು ಮುಳ್ಳು ಸೊಲೆನಾಯ್ಡ್‌ನ ದಪ್ಪ ಕೇಬಲ್ ಬಂದು ಕೂಡುವ ಬೋಲ್ಟಿನ ತುದಿಯ ಮೇಲೆ. ಕೀಲಿ ತಿರುಗಿಸಿದಾಗ 0.5 ವೋಲ್ಟ್ ಒಳಗೆ ತೋರಿಸಿದರೆ ಪಾಸಿಟಿವ್ ಕಡೆ ಸರಿ. ಹೆಚ್ಚಿದ್ದರೆ ಕಪ್ಪು ಮುಳ್ಳನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತನ್ನಿ: ಬೋಲ್ಟ್, ಕೇಬಲ್ ಲಗ್ (ತುದಿಯ ಲೋಹದ ತುಂಡು), ಕ್ಲ್ಯಾಂಪ್. ಅಂಕಿ ಎಲ್ಲಿ ದಿಢೀರನೆ ಇಳಿಯುತ್ತದೋ ಅಲ್ಲೇ ದೋಷ.

ಆಮೇಲೆ ನೆಗೆಟಿವ್ ಕಡೆ. ಒಂದು ಮುಳ್ಳು ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ. ಇಲ್ಲಿ 0.2, ಹೆಚ್ಚೆಂದರೆ 0.3. ನಮ್ಮ ಭಾಗದಲ್ಲಿ ಸೋಲುವುದು ಹೆಚ್ಚಾಗಿ ಈ ಪರೀಕ್ಷೆಯೇ. ಗಿಯರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿ ತಳದಲ್ಲಿರುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಅದಕ್ಕೆ ಮೆತ್ತಿಕೊಂಡು ಬಹಳ ದಿನ ಹಸಿಯಾಗಿಯೇ ಇರುತ್ತದೆ. ಸೇಡಂ, ವಾಡಿ ಕಡೆ ಓಡುವ ಗಾಡಿಗಾದರೆ ಸಿಮೆಂಟ್ ಧೂಳೂ ಸೇರಿ ಗಟ್ಟಿ ಪದರ ಕಟ್ಟುತ್ತದೆ. ಬೋಲ್ಟಿನಡಿ ಒಳಗೊಳಗೇ ತುಕ್ಕು ಹಿಡಿದಿರುತ್ತದೆ, ಮೇಲಿನಿಂದ ಬಿಗಿಯಾಗಿಯೇ ಕಾಣುತ್ತದೆ. ಅನುಮಾನ ಇದ್ದರೆ ಜಂಪ್ ಕೇಬಲ್‌ನ ಒಂದು ಎಳೆಯನ್ನು ಬ್ಯಾಟರಿ ನೆಗೆಟಿವ್‌ನಿಂದ ನೇರ ಇಂಜಿನ್ ಬ್ಲಾಕಿಗೆ ಹಚ್ಚಿ ಕೀಲಿ ತಿರುಗಿಸಿ. ಸತ್ತಂತಿದ್ದ ಸೆಲ್ಫ್ ಜೋರಾಗಿ ತಿರುಗಿದರೆ ಅರ್ಥಿಂಗ್ ಪಟ್ಟಿ ಬಿಚ್ಚಿ ಎರಡೂ ತುದಿಯ ಜಾಗ ಲೋಹ ಕಾಣುವವರೆಗೆ ಕೆರೆದು ಹಚ್ಚಿ. ಪಟ್ಟಿಯ ಎಳೆಗಳು ಹಸಿರಾಗಿದ್ದರೆ ಹೊಸದು ಹಾಕಿ. ಅರ್ಥಿಂಗ್ ಕೆಟ್ಟ ಗಾಡಿಯಲ್ಲಿ ಸೆಲ್ಫಿನ ಕರೆಂಟ್ ಕ್ಲಚ್ ಕೇಬಲ್, ಎಕ್ಸಲೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಆ ಕೇಬಲ್ ಸುಟ್ಟು ಹೊಗೆ ಬಂದರೆ ಕಾರಣ ಇದೇ.

ಮೂರನೆಯದು ಸೊಲೆನಾಯ್ಡ್ ಕಾಂಟ್ಯಾಕ್ಟ್. ಬ್ಯಾಟರಿ ಕೇಬಲ್ ಬೋಲ್ಟಿಗೊಂದು ಮುಳ್ಳು, ಅಲ್ಲಿಂದ ಮೋಟರ್ ಒಳಗೆ ಹೋಗುವ ಇನ್ನೊಂದು ಬೋಲ್ಟಿಗೊಂದು ಮುಳ್ಳು. ಕೀಲಿ ತಿರುಗಿಸದಿದ್ದಾಗ ಸುಮಾರು 12 ತೋರಿಸುತ್ತದೆ, ತಿರುಗಿಸಿದಾಗ 0.3ರೊಳಗೆ ಇಳಿಯಬೇಕು. “ಟಕ್” ಎಂದೂ 12 ಹಾಗೇ ನಿಂತರೆ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಮೂರೂ ಕಡೆ ಅಳತೆ ಸರಿ ಇದ್ದು, ಮೋಟರಿನ ಬೋಲ್ಟಿಗೆ 10 ವೋಲ್ಟ್ ಮುಟ್ಟಿಯೂ ಅದು ತಿರುಗದಿದ್ದರೆ ಆಗ ಸೆಲ್ಫಿನದೇ ತಪ್ಪು. ಆಗ ಬಿಚ್ಚಿ.

ಸದ್ದೇ ಇಲ್ಲದಿದ್ದಾಗ

ಸೊಲೆನಾಯ್ಡ್‌ನ ತೆಳು ವೈರಿಗೆ ಕೀಲಿ ತಿರುಗಿಸಿದಾಗ ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು, ಹೆಚ್ಚೆಂದರೆ ಒಂದು ವೋಲ್ಟ್ ಕಡಿಮೆ. ಈ ವೈರಿನ ತುದಿಯ ಲಗ್ ಒತ್ತಿ ಕೂರಿಸುವಂಥದ್ದು, ಅಲುಗಾಟಕ್ಕೆ ಸಡಿಲವಾಗಿ ಜಾರಿರುತ್ತದೆ. ಮೊದಲು ಅದನ್ನು ಎಳೆದು ನೋಡಿ. 12 ಬಂದೂ “ಟಕ್” ಇಲ್ಲದಿದ್ದರೆ ಸೊಲೆನಾಯ್ಡ್ ಹೋಗಿದೆ. ಏನೂ ಬರದಿದ್ದರೆ ಹಿಂದಕ್ಕೆ ಹೋಗಬೇಕು.

ಎಷ್ಟೋ ಹೊಸ ಗಾಡಿಗಳಲ್ಲಿ ಕ್ಲಚ್ ಪೂರ್ತಿ ಒತ್ತದೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಪೆಡಲ್ ಮೇಲ್ಭಾಗದ ಸ್ವಿಚ್ ಒತ್ತಿಕೊಳ್ಳಬೇಕು. ಹೊರಗಿನಿಂದ ತಂದ ದಪ್ಪ ಮ್ಯಾಟ್ ಪೆಡಲ್ ಕೆಳಗೆ ಸಿಕ್ಕು ಅದು ಪೂರ್ತಿ ಇಳಿಯದಿದ್ದರೂ ಗಾಡಿ ಸತ್ತಂತೆ ಕೂರುತ್ತದೆ. ನಗುವ ಮಾತಲ್ಲ, ಈ ಕಾರಣಕ್ಕೆ ಟೋ ಆಗಿ ಬರುವ ಗಾಡಿಗಳಿವೆ. ಮ್ಯಾಟ್ ತೆಗೆದು ಮತ್ತೊಮ್ಮೆ ಒತ್ತಿ. ಆಟೋಮ್ಯಾಟಿಕ್ ಗಾಡಿಯಾದರೆ ಪಾರ್ಕ್‌ನಲ್ಲಿ ಆಗದಿದ್ದರೆ ನ್ಯೂಟ್ರಲ್‌ನಲ್ಲಿ ಪ್ರಯತ್ನಿಸಿ. ಅಲ್ಲಿ ಚಾಲೂ ಆದರೆ ಗಿಯರ್ ಸ್ವಿಚ್ಚಿನ ತೊಂದರೆ. ಬಟನ್ ಸ್ಟಾರ್ಟ್ ಗಾಡಿಯಲ್ಲಿ ಕೀಲಿಯ ಸೆಲ್ ಇಳಿದಿದ್ದರೆ ಕೀಲಿಯನ್ನೇ ಬಟನ್ನಿಗೆ ತಾಗಿಸಿ ಒತ್ತಿ, ಬಹುಪಾಲು ಮಾಡೆಲ್‌ಗಳು ಒಪ್ಪುತ್ತವೆ. ಬ್ರೇಕ್ ಸ್ವಿಚ್ ಹೋಗಿದ್ದರೂ ಈ ಗಾಡಿಗಳು ಸೆಲ್ಫ್ ಕೊಡುವುದಿಲ್ಲ. ಹಿಂದಿನ ಬ್ರೇಕ್ ದೀಪ ಹತ್ತುತ್ತಿದೆಯೇ ನೋಡಿದರೆ ಗೊತ್ತಾಗುತ್ತದೆ.

ರಿಲೇ ಪರೀಕ್ಷೆ ಸುಲಭ. ಫ್ಯೂಸ್ ಬಾಕ್ಸಿನಲ್ಲಿ ಹಾರ್ನಿನ ರಿಲೇ ಅದೇ ನಂಬರಿನದಾಗಿದ್ದರೆ ಅದಲು ಬದಲು ಮಾಡಿ ನೋಡಿ. ರಿಲೇ ಕಾಲುಗಳಲ್ಲಿ 85, 86 ಸುರುಳಿಯವು, 30, 87 ಕರೆಂಟ್ ಹಾಯುವವು. ರಿಲೇ ಕಿತ್ತು 30 ಮತ್ತು 87ರ ತೂತುಗಳನ್ನು ದಪ್ಪ ವೈರಿನಿಂದ ಕ್ಷಣಕಾಲ ಕೂಡಿಸಿದರೆ ಸೆಲ್ಫ್ ತಿರುಗಬೇಕು. ತಿರುಗಿದರೆ ಅಲ್ಲಿಂದ ಸೆಲ್ಫಿನವರೆಗೆ ಎಲ್ಲ ಸರಿ, ದೋಷ ರಿಲೇಯಲ್ಲಿ ಅಥವಾ ಕೀಲಿಯ ಕಡೆ. ಗಾಡಿ ಗಿಯರಿನಲ್ಲಿದ್ದರೆ ಈ ಪರೀಕ್ಷೆಯಲ್ಲಿ ಮುಂದೆ ನುಗ್ಗುತ್ತದೆ, ಆದ್ದರಿಂದ ನ್ಯೂಟ್ರಲ್ ಎಂದು ಕೈಯಿಂದ ಅಲ್ಲಾಡಿಸಿ ಖಾತ್ರಿ ಮಾಡಿಕೊಳ್ಳಿ. ಹಳೇ ಗಾಡಿಗಳಲ್ಲಿ ರಿಲೇಯೇ ಇರುವುದಿಲ್ಲ, ಸೊಲೆನಾಯ್ಡ್ ಕರೆಂಟೆಲ್ಲ ಕೀಲಿ ಸ್ವಿಚ್ಚಿನ ಮೂಲಕವೇ ಹೋಗುತ್ತದೆ, ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದು ಸೊಲೆನಾಯ್ಡ್‌ಗೆ ಏಳೆಂಟು ವೋಲ್ಟ್ ಮಾತ್ರ ಸಿಗುತ್ತದೆ. ಅಂಥ ಗಾಡಿಗೆ ಹೊರಗಿನಿಂದ ಒಂದು ರಿಲೇ ಕೂರಿಸುವುದು ಒಳ್ಳೆಯ, ಅಗ್ಗದ ಪರಿಹಾರ.

ಬೆಳಿಗ್ಗೆ ಸರಿ, ಮಧ್ಯಾಹ್ನ ಮೊಂಡು

ಹೈದರಾಬಾದಿನಿಂದ ಓಡಿಸಿಕೊಂಡು ಬಂದು ಹುಮನಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದ ಗಾಡಿ ಮತ್ತೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತದೆ. ಓಡುವಾಗ ಗಾಳಿ ಬಿಸಿ ಒಯ್ಯುತ್ತಿರುತ್ತದೆ. ನಿಂತ ಮೇಲೆ ಇಂಜಿನ್ನಿನ, ಸೈಲೆನ್ಸರಿನ ಬಿಸಿಯೆಲ್ಲ ಪಕ್ಕದ ಸೆಲ್ಫಿಗೆ ಇಳಿಯುತ್ತದೆ. ತಾಮ್ರ 60 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸುಮಾರು ಕಾಲುಭಾಗ ಏರುತ್ತದೆ. ಸೊಲೆನಾಯ್ಡ್ ಸುರುಳಿಯ ಬಲ ಅದರಿಂದ ಕುಗ್ಗುತ್ತದೆ. ತಣ್ಣಗಿದ್ದಾಗ ಹೇಗೋ ನಡೆಯುತ್ತಿದ್ದ ಸಡಿಲ ಜೋಡಣೆ ಈಗ ನಡೆಯುವುದಿಲ್ಲ. ಹಾಗಾಗಿ ಮೇಲಿನ ವೋಲ್ಟ್ ಪರೀಕ್ಷೆಯನ್ನು ಗಾಡಿ ಬಿಸಿ ಇದ್ದಾಗಲೇ ಮಾಡಬೇಕು, ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಏನೂ ಸಿಗದು. ಸೆಲ್ಫಿನ ಮೇಲೆ ಇರಬೇಕಾದ ತಗಡಿನ ಹೀಟ್ ಶೀಲ್ಡ್ ಇದೆಯೇ ನೋಡಿ. ಹಿಂದೆ ಬಿಚ್ಚಿದವರು ಅದನ್ನು ಮತ್ತೆ ಹಾಕದೆ ಬಿಟ್ಟಿರುವುದು ಸಾಮಾನ್ಯ. ಶಾಫ್ಟ್ ತಿರುಗುವ ಬಳೆ, ಅಂದರೆ ಬುಷ್, ಸವೆದ ಸೆಲ್ಫ್ ಕೂಡ ಬಿಸಿಯಲ್ಲೇ ಹೆಚ್ಚು ಹಟ ಮಾಡುತ್ತದೆ.

ಬಿಚ್ಚಲೇಬೇಕಾದಾಗ

ಅದಕ್ಕೂ ಮೊದಲು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಇಂಜಿನ್ ತಿರುಗುವ ದಿಕ್ಕಿಗೆ ಕೈಯಿಂದ ತಿರುಗಿಸಿ. ಅಲ್ಲಾಡದಿದ್ದರೆ ಬೆಲ್ಟ್ ತೆಗೆದು ನೋಡಿ, ಎಸಿ ಕಂಪ್ರೆಸರ್ ಅಥವಾ ಆಲ್ಟರ್ನೇಟರ್ ಬೇರಿಂಗ್ ಜಾಮ್ ಆಗಿರಬಹುದು. ಕಾಗಿಣಾ, ಭೀಮಾ ತುಂಬಿದಾಗ ಸೇತುವೆ ಮೇಲಿನ ನೀರಿನಲ್ಲಿ ಹಾಯ್ದು ನಿಂತ ಗಾಡಿಯಾದರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು ನೀರು ಹೊರಹಾಕಿದ ಮೇಲಷ್ಟೇ ತಿರುಗಿಸಬೇಕು.

ವ್ಹೀಲ್ ಪಾನಾದ ಹಿಡಿಯಿಂದ ಸೆಲ್ಫಿಗೆ ತಟ್ಟಿ ಚಾಲೂ ಮಾಡುವ ಉಪಾಯ ಕೆಲಸ ಮಾಡುತ್ತದೆ. ಸವೆದ ಕಾರ್ಬನ್ ಅಲುಗಿ ಕಮ್ಯುಟೇಟರಿಗೆ (ಶಾಫ್ಟಿನ ಸುತ್ತಲಿನ ತಾಮ್ರದ ಪಟ್ಟಿಗಳಿಗೆ) ಮತ್ತೆ ತಾಗುತ್ತದೆ. ಮನೆ ಮುಟ್ಟಲು ಅದು ಸಾಕು. ಆದರೆ ಮೆತ್ತಗೆ ತಟ್ಟಿ. ಈಗಿನ ಸಣ್ಣ ಸೆಲ್ಫ್‌ಗಳಲ್ಲಿ ಫೀಲ್ಡ್ ಕಾಯಿಲ್ ಬದಲು ಅಂಟಿಸಿದ ಮ್ಯಾಗ್ನೆಟ್ ಇರುತ್ತವೆ, ಜೋರಾಗಿ ಹೊಡೆದರೆ ಒಡೆದು ನಡುವೆ ತಿರುಗುವ ಆರ್ಮೇಚರಿಗೆ ಸಿಕ್ಕಿಕೊಳ್ಳುತ್ತವೆ.

ಬಿಚ್ಚುವಾಗ ಬ್ಯಾಟರಿ ನೆಗೆಟಿವ್ ಮೊದಲು ತೆಗೆಯಿರಿ, ಇದರಲ್ಲಿ ರಿಯಾಯಿತಿ ಇಲ್ಲ. ಸೆಲ್ಫಿನ ದಪ್ಪ ಕೇಬಲಿಗೆ ಬಹುಪಾಲು ಗಾಡಿಗಳಲ್ಲಿ ಫ್ಯೂಸ್ ಇರುವುದಿಲ್ಲ. ಕೆಳಗಿನಿಂದ ಬಿಚ್ಚಬೇಕಾದರೆ ಗಾಡಿ ಗಟ್ಟಿ ನೆಲದ ಮೇಲೆ, ಸ್ಟ್ಯಾಂಡ್ ಮೇಲೆ ನಿಲ್ಲಬೇಕು. ಎರೆಮಣ್ಣಿನ ಮೇಲೆ ಜಾಕ್ ನಂಬಿ ಗಾಡಿ ಕೆಳಗೆ ಹೋಗಬಾರದು, ಒಣಗಿ ಬಿರಿದ ಎರೆ ನೋಡಲು ಗಟ್ಟಿ, ಭಾರ ಬಿದ್ದರೆ ಕುಸಿಯುತ್ತದೆ. ಬೋಲ್ಟುಗಳು ಹೆಚ್ಚಾಗಿ 12, 14 ಅಥವಾ 17 ನಂಬರ್. ಕೊನೆಯ ಬೋಲ್ಟ್ ಬಿಚ್ಚುವಾಗ ಸೆಲ್ಫಿಗೆ ಕೈ ಕೊಟ್ಟಿರಿ, ಮೂರರಿಂದ ಐದು ಕಿಲೋ ತೂಗುತ್ತದೆ, ಡೀಸೆಲ್‌ನದು ಇನ್ನೂ ಹೆಚ್ಚು.

ಮೇಜಿನ ಮೇಲೆ ಮೊದಲು ಸೊಲೆನಾಯ್ಡ್ ನೋಡಿ. ಮೋಟರಿಗೆ ಹೋಗುವ ವೈರನ್ನು ಅದರ ಬೋಲ್ಟಿನಿಂದ ಬಿಚ್ಚಿ. ಬ್ಯಾಟರಿ ನೆಗೆಟಿವ್ ಅನ್ನು ಆ ಬೋಲ್ಟಿಗೂ ಬಾಡಿಗೂ ಹಚ್ಚಿ, ಪಾಸಿಟಿವ್ ಅನ್ನು ತೆಳು ಟರ್ಮಿನಲ್ಲಿಗೆ ತಾಗಿಸಿ: ಬೆಂಡಿಕ್ಸ್ ಚಟ್ಟನೆ ಮುಂದೆ ಬರಬೇಕು. ಈಗ ಬೋಲ್ಟಿನ ನೆಗೆಟಿವ್ ಮಾತ್ರ ತೆಗೆಯಿರಿ: ಬೆಂಡಿಕ್ಸ್ ಮುಂದೆಯೇ ನಿಂತಿರಬೇಕು, ಹಿಂದೆ ಸರಿದರೆ ಹಿಡಿದಿಡುವ ಸುರುಳಿ ಹೋಗಿದೆ. ಬಾಡಿಯ ನೆಗೆಟಿವ್ ತೆಗೆದರೆ ಹಿಂದೆ ಸರಿಯಬೇಕು. ಇದೆಲ್ಲ ಐದು ಸೆಕೆಂಡಿನೊಳಗೆ ಮುಗಿಸಿ, ಸುರುಳಿ ಬೇಗ ಬಿಸಿಯಾಗುತ್ತದೆ. ಕೆಲವು ಸೊಲೆನಾಯ್ಡ್‌ಗಳ ಹಿಂದಿನ ಮುಚ್ಚಳ ಸ್ಕ್ರೂ ಬಿಚ್ಚಿ ತೆಗೆಯಬಹುದು, ಒಳಗಿನ ತಾಮ್ರದ ಕಾಂಟ್ಯಾಕ್ಟ್ ಬಿಡಿಯಾಗಿ ಸಿಗುತ್ತದೆ. ಮುಚ್ಚಳ ಒತ್ತಿ ಮುಚ್ಚಿದ ಜಾತಿಯದಾದರೆ ಪೂರ್ತಿ ಸೊಲೆನಾಯ್ಡ್ ಬದಲಿಸಿ.

ಬೆಂಡಿಕ್ಸನ್ನು ಕೈಯಿಂದ ತಿರುಗಿಸಿದರೆ ಒಂದು ಕಡೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆ ಶಾಫ್ಟ್ ಸಮೇತ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಬದಲಿಸಿ. ಗ್ಯಾರೇಜ್‌ಗಳಲ್ಲಿ ಎಲ್ಲ ಭಾಗಗಳನ್ನೂ ಪೆಟ್ರೋಲ್ ತಟ್ಟೆಯಲ್ಲಿ ಮುಳುಗಿಸಿ ತೊಳೆಯುತ್ತಾರೆ. ಬೆಂಡಿಕ್ಸನ್ನು ಮಾತ್ರ ಮುಳುಗಿಸಬಾರದು. ಅದರೊಳಗೆ ಕಂಪನಿ ತುಂಬಿದ ಗ್ರೀಸ್ ತೊಳೆದು ಹೋದರೆ ಮತ್ತೆ ತುಂಬಲು ದಾರಿಯಿಲ್ಲ, ಕೆಲವೇ ತಿಂಗಳಲ್ಲಿ ಜಾರತೊಡಗುತ್ತದೆ. ಬಟ್ಟೆಯಿಂದ ಒರೆಸಿ, ಅಷ್ಟೇ. ಬೆಂಡಿಕ್ಸ್ ಜಾರುವ ಶಾಫ್ಟಿನ ಮೇಲೂ ಗ್ರೀಸ್ ಮೆತ್ತಬೇಡಿ. ತೊಗರಿ ರಾಶಿಯ ಕಾಲದ ಧೂಳು ಅದಕ್ಕೆ ಅಂಟಿ ಗಟ್ಟಿಯಾಗಿ ಬೆಂಡಿಕ್ಸ್ ಅಲ್ಲೇ ಕಚ್ಚಿಕೊಳ್ಳುತ್ತದೆ. ತೆಳುವಾಗಿ ಸವರಿದರೆ ಸಾಕು.

ಕಾರ್ಬನ್ ಹೊಸದರ ಅರ್ಧಕ್ಕಿಂತ ಸವೆದಿದ್ದರೆ ಇಡೀ ಸೆಟ್ ಬದಲಿಸಿ, ಒಂದೆರಡನ್ನು ಮಾತ್ರ ಬದಲಿಸಬೇಡಿ. ಬೆಸುಗೆ ಹಾಕುವ ಕಾರ್ಬನ್ ಆದರೆ ರೇಡಿಯೋ ರಿಪೇರಿಯ ಸಣ್ಣ ಐರನ್ ಸಾಲದು, 100 ವಾಟ್‌ಗಿಂತ ಮೇಲಿನದು ಬೇಕು. ಬೆಸುಗೆ ತಾಮ್ರದ ಜಡೆಯೊಳಗೆ ಏರಿದರೆ ಜಡೆ ಕಡ್ಡಿಯಾಗಿ ಕಾರ್ಬನ್ ಜಾರುವುದಿಲ್ಲ. ಕಮ್ಯುಟೇಟರನ್ನು 400 ನಂಬರಿನ ಪಾಲಿಶ್ ಪೇಪರಿನಿಂದ ಸುತ್ತಲೂ ಸಮನಾಗಿ ಉಜ್ಜಿ. ಪಟ್ಟಿಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ತುಂಬಿದ್ದರೆ ಗರಗಸದ ಬ್ಲೇಡ್ ತುಂಡಿನಿಂದ ಅರ್ಧ ಮಿ.ಮೀ.ನಷ್ಟು ಕೆರೆಯಿರಿ. ಕಮ್ಯುಟೇಟರ್ ಪಟ್ಟಿಗೂ ಶಾಫ್ಟಿಗೂ ಮೀಟರ್ ಹಚ್ಚಿದರೆ ಬೀಪ್ ಬರಬಾರದು, ಬಂದರೆ ಆರ್ಮೇಚರ್ ಬಾಡಿಗೆ ಶಾರ್ಟ್.

ಆರ್ಮೇಚರಿನ ಮೈಮೇಲೆ ಒಂದೇ ಕಡೆ ಉಜ್ಜಿದ ಹೊಳಪು ಕಂಡರೆ ಬುಷ್ ಸವೆದು ಅದು ಸುತ್ತಲಿನ ಪೋಲ್‌ಗೆ ತಾಗುತ್ತಿದೆ. ಹೊಸ ಬುಷ್‌ಗಳು ಎಣ್ಣೆ ಹೀರುವ ಕಂಚಿನವು. ಕೂರಿಸುವ ಮೊದಲು ಸ್ವಚ್ಛ ಇಂಜಿನ್ ಆಯಿಲ್‌ನಲ್ಲಿ ಒಂದು ರಾತ್ರಿ ನೆನೆಸಿ. ಬಿಗಿಯಾಯಿತೆಂದು ಒಳಗೆ ಉಜ್ಜಿ ದೊಡ್ಡದು ಮಾಡಿದರೆ ಎಣ್ಣೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ಆರ್ಮೇಚರ್ ಸುಟ್ಟಿದ್ದರೆ ಸಣ್ಣ ಕಾರಿಗೆ ರಿವೈಂಡಿಂಗ್ ಲಾಭವಿಲ್ಲ, ಹೊಸ ಸೆಲ್ಫ್ ನೋಡಿ.

ದಾರಿಯಲ್ಲಿ ಸಿಕ್ಕಿಬಿದ್ದರೆ

ಜಂಪ್ ಕೊಡುವಾಗ ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯದರ ಪಾಸಿಟಿವ್‌ಗೆ. ಕಪ್ಪು ಮೊದಲು ಒಳ್ಳೆಯದರ ನೆಗೆಟಿವ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರುವುದು ಕೊನೆಯ ತುದಿಯಲ್ಲಿ, ಬ್ಯಾಟರಿ ಬಳಿ ಹೈಡ್ರೋಜನ್ ಇರುತ್ತದೆ. ತೆಗೆಯುವಾಗ ಇದೇ ಕ್ರಮ ತಿರುಗುಮುರುಗು. ಜಂಪ್ ಕೊಡಲು ಟ್ರ್ಯಾಕ್ಟರ್ ಸಿಕ್ಕರೆ ಅಡ್ಡಿಯಿಲ್ಲ, ಅದು 12 ವೋಲ್ಟ್. ಸಿಮೆಂಟ್ ಲಾರಿ, ಟಿಪ್ಪರ್ ನಿಲ್ಲಿಸಬೇಡಿ. ಅವು 24 ವೋಲ್ಟ್, ಕಾರಿನ ಕಂಪ್ಯೂಟರ್ ಒಂದೇ ಏಟಿಗೆ ಹೋಗಬಹುದು.

ದಬ್ಬಿ ಚಾಲೂ ಮಾಡುವುದು ಮ್ಯಾನ್ಯುವಲ್ ಗಾಡಿಗೆ ಮಾತ್ರ, ಎರಡನೇ ಗಿಯರಿನಲ್ಲಿ. ಡ್ಯಾಶ್‌ಬೋರ್ಡ್ ದೀಪವೂ ಹತ್ತದಷ್ಟು ಬ್ಯಾಟರಿ ಸತ್ತಿದ್ದರೆ ದಬ್ಬಿಯೂ ಪ್ರಯೋಜನವಿಲ್ಲ. ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕು.

ಇನ್ನೊಂದು ಅಪಾಯದ ಸ್ಥಿತಿ ಇದೆ. ಇಳಿದ ಬ್ಯಾಟರಿಯಲ್ಲಿ ಟಕಟಕ ಎನ್ನಿಸುತ್ತಾ ಮತ್ತೆ ಮತ್ತೆ ಕೀಲಿ ತಿರುಗಿಸಿದರೆ ಕಾಂಟ್ಯಾಕ್ಟ್ ಕಿಡಿಗೆ ಕರಗಿ ಬೆಸೆದುಕೊಳ್ಳಬಹುದು. ಆಗ ಕೀಲಿ ತೆಗೆದರೂ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಕೇಬಲ್ ಕೆಂಪಗೆ ಕಾಯುತ್ತದೆ. ಬ್ಯಾಟರಿ ನೆಗೆಟಿವ್ ತಕ್ಷಣ ಕಿತ್ತು ಹಾಕುವುದೊಂದೇ ದಾರಿ. 10 ನಂಬರಿನ ಪಾನಾ ಡಿಕ್ಕಿಯ ಟೂಲ್ ಚೀಲದಲ್ಲಲ್ಲ, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇರಲಿ.